ಕಾಲೇಜಿಗಾಗಿ ಊರು ಸಾಲ ಮಾಡಬಹುದೇ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಂಚಿಕೆಯ ಅಂಕಣವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಉಡುಪಿಯ ಓದುಗರೊಬ್ಬರು ಅಮೆರಿಕದ ಸಮುದಾಯ ಕಾಲೇಜುಗಳು ಊರಿನವರ ಮತ ಪಡೆದು ಕಟ್ಟಡಗಳಿಗಾಗಿ ಸಾಲ ಎತ್ತುವ ಬಗ್ಗೆ ಬರೆದ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಸಂಕ್ಷಿಪ್ತವಾಗಿ ಪ್ರಕಟಿಸಿದ್ದೆವು. ಅದನ್ನು ಓದಿದ ಉಡುಪಿ ಮತ್ತು ಮಂಗಳೂರಿನ ಹಲವರು, ನಮ್ಮ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಅಂಥ ದಾರಿ ಇದೆಯೇ ಎಂದು ಕೇಳಿ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗಳ ಸಂಸಾರ ಕ್ಯಾಲಿಫೋರ್ನಿಯಾದಲ್ಲಿದೆ. ನಾನು ಅಲ್ಲಿಗೆ ಹೋಗಿದ್ದಾಗ ಚುನಾವಣೆ ನಡೆಯುವುದರಲ್ಲಿತ್ತು. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಜೊತೆಗೆ, ಅಲ್ಲಿನ ಸಮುದಾಯ ಕಾಲೇಜಿನ ಕಟ್ಟಡಗಳಿಗಾಗಿ ಬಾಂಡ್ (ಸಾಲಪತ್ರ) ಹೊರಡಿಸಲು ನಿಮ್ಮ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆಯೂ ಇತ್ತು. ಆ ಊರಿನ ನಗರಸಭೆ ಇದನ್ನು ಬೆಂಬಲಿಸಿ ನಿರ್ಣಯ ಮಾಡಿತ್ತು. ಆದರೆ ಕಾಲೇಜು ನಗರಸಭೆಗೆ ಸೇರಿದ್ದಲ್ಲವೆಂದು ಅಳಿಯ ಹೇಳಿದರು. ತನ್ನದಲ್ಲದ ಕಾಲೇಜಿಗೆ ನಗರಸಭೆಯ ಬೆಂಬಲ ಯಾಕೆ? ಕಾಲೇಜು ಸಾಲ ಮಾಡುವುದಕ್ಕೆ ಊರಿನವರ ಮತ ಯಾಕೆ ಬೇಕು?
– ಓದುಗರು, ಅಂಬಲಪಾಡಿ, ಉಡುಪಿ

ಉತ್ತರ: ಮೊದಲು ಆ ಕಾಲೇಜಿನ ಸ್ವರೂಪವನ್ನು ನೋಡೋಣ. ಸಮುದಾಯ ಕಾಲೇಜು ಎಂದರೆ ಪಿಯುಸಿಗೆ ಸಮನಾದ ಶಾಲೆ ಮುಗಿಸಿದವರು ಮನೆಯಲ್ಲೇ ಇದ್ದು, ಕಡಿಮೆ ಶುಲ್ಕದಲ್ಲಿ, ಎರಡು ವರ್ಷ ಓದುವ ಸಾರ್ವಜನಿಕ ಕಾಲೇಜು. ಅಲ್ಲಿಂದ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಇಲ್ಲವೇ ನರ್ಸಿಂಗ್, ವಾಹನ ದುರಸ್ತಿ, ವೆಲ್ಡಿಂಗ್‌ನಂಥ ವಿದ್ಯೆ ಕಲಿತು ನೇರವಾಗಿ ಕೆಲಸಕ್ಕೆ ಹೋಗಬಹುದು. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಆರಂಭವಾದ ಕಾಲೇಜನ್ನು ಇವುಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಕ್ಯಾಲಿಫೋರ್ನಿಯಾ ಒಂದರಲ್ಲೇ ಈಗ 116 ಸಮುದಾಯ ಕಾಲೇಜುಗಳಿದ್ದು, ಸುಮಾರು 20 ಲಕ್ಷ ಮಂದಿ ಓದುತ್ತಾರೆ.

ಈ 116 ಕಾಲೇಜುಗಳನ್ನು 73 ‘ಕಾಲೇಜು ಜಿಲ್ಲೆ’ಗಳು ನಡೆಸುತ್ತವೆ. ನಮ್ಮಲ್ಲಿ ಜಿಲ್ಲೆ ಎಂದರೆ ಕಂದಾಯದ ಜಿಲ್ಲೆ ನೆನಪಾಗುತ್ತದೆ, ಅಲ್ಲಿನದು ಅದಲ್ಲ. ಅದು ಕಾಲೇಜು ನಡೆಸುವುದಕ್ಕಾಗಿಯೇ ಇರುವ ಒಂದು ಸ್ಥಳೀಯ ಸಂಸ್ಥೆ. ಅದಕ್ಕೆ ತನ್ನದೇ ಗಡಿ ಇದೆ. ಜನರು ಮತ ಹಾಕಿ ಆರಿಸಿದ ಆಡಳಿತ ಮಂಡಳಿ ಇದೆ. ಮತದಾರರು ಒಪ್ಪಿದರೆ ಆ ಗಡಿಯೊಳಗಿನ ಮನೆ, ಅಂಗಡಿ, ಜಮೀನಿನ ತೆರಿಗೆಯ ಆಧಾರದ ಮೇಲೆ ಸಾಲ ಎತ್ತುವ ಅಧಿಕಾರವೂ ಇದೆ. ಒಂದು ಕಾಲೇಜು ಜಿಲ್ಲೆಯೊಳಗೆ ಹಲವು ನಗರಸಭೆಗಳು ಇರಬಹುದು. ನಿಮ್ಮ ಅಳಿಯ ಹೇಳಿದ್ದು ಸರಿ: ಕಾಲೇಜು ನಗರಸಭೆಗೆ ಸೇರಿದ್ದಲ್ಲ, ಆದರೆ ಎರಡೂ ಕೈಯಿಡುವುದು ಒಂದೇ ತೆರಿಗೆದಾರರ ಜೇಬಿಗೆ.

ಮತ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರೊಪೊಸಿಷನ್ 13’ ಎಂಬ ರಾಜ್ಯ ಸಂವಿಧಾನದ ತಿದ್ದುಪಡಿಯನ್ನು ಅಂಗೀಕರಿಸಿ, ಆಸ್ತಿ ತೆರಿಗೆಯನ್ನು ಆಸ್ತಿಯ ನಿಗದಿತ ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿದರು. ಅದರ ಮೇಲೆ ಸಾಲ ತೀರಿಸಲು ಹೆಚ್ಚುವರಿ ತೆರಿಗೆ ಹಾಕಬೇಕಾದರೆ ಮತದಾರರನ್ನೇ ಕೇಳಬೇಕು. ಹಿಂದೆ ಮೂರರಲ್ಲಿ ಎರಡು ಪಾಲು ಮತ ಬೇಕಾಗಿತ್ತು. 2000ದ ನವೆಂಬರಿನಲ್ಲಿ ‘ಪ್ರೊಪೊಸಿಷನ್ 39’ ಬಂದು, ಶಾಲೆ ಮತ್ತು ಸಮುದಾಯ ಕಾಲೇಜುಗಳ ಮಟ್ಟಿಗೆ ಅದನ್ನು ಶೇ 55ಕ್ಕೆ ಇಳಿಸಿತು. ಆದರೆ ಈ ರಿಯಾಯಿತಿಯೊಂದಿಗೆ ಷರತ್ತುಗಳೂ ಬಂದವು. ಯಾವ ಯಾವ ಕಾಮಗಾರಿಗೆ ಹಣ ಬಳಕೆಯಾಗುತ್ತದೆ ಎಂಬ ಪಟ್ಟಿಯನ್ನು ಮತದಾನಕ್ಕೆ ಮೊದಲೇ ಕೊಡಬೇಕು. ಆ ಹಣದಲ್ಲಿ ಅಧ್ಯಾಪಕರ ಅಥವಾ ಆಡಳಿತಗಾರರ ಸಂಬಳ ಕೊಡುವಂತಿಲ್ಲ. ಪ್ರತಿವರ್ಷ ಲೆಕ್ಕಪರಿಶೋಧನೆಯೂ ಕಾಮಗಾರಿಯ ಪರಿಶೋಧನೆಯೂ ನಡೆಯಬೇಕು. ಸಾರ್ವಜನಿಕರ ಮೇಲ್ವಿಚಾರಣಾ ಸಮಿತಿಯೊಂದು ಇರಲೇಬೇಕು. ಅದರಲ್ಲಿ ಕನಿಷ್ಠ 7 ಮಂದಿ ಇದ್ದು, ಉದ್ಯಮಿಗಳ ಸಂಘಟನೆ, ಹಿರಿಯ ನಾಗರಿಕರ ಸಂಘಟನೆ, ತೆರಿಗೆದಾರರ ಸಂಘ, ವಿದ್ಯಾರ್ಥಿಗಳು – ಇವರೆಲ್ಲರ ಪ್ರತಿನಿಧಿಗಳಿರಬೇಕು. ಕಾಲೇಜು ಜಿಲ್ಲೆಯ ನೌಕರನಾಗಲಿ, ಅದರ ಗುತ್ತಿಗೆದಾರನಾಗಲಿ ಆ ಸಮಿತಿಯಲ್ಲಿ ಕೂರುವಂತಿಲ್ಲ. ಈ ಕೊನೆಯ ನಿಯಮವನ್ನು ನಮ್ಮ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ನಮ್ಮೂರಿನ ಮಾತು ಬಂದಾಗ ಇದು ಬೇಕಾಗುತ್ತದೆ.

ಇನ್ನು ನಗರಸಭೆಯ ಬೆಂಬಲ. ಬಾಂಡ್ ಹೊರಡಿಸಲು ಅದರ ಒಪ್ಪಿಗೆ ಕಾನೂನಿನ ಪ್ರಕಾರ ಬೇಕಾಗಿಲ್ಲ. ಆದರೆ ಅದೇ ನಗರಸಭೆ ಮುಂದಿನ ವರ್ಷ ರಸ್ತೆಗೋ ಅಗ್ನಿಶಾಮಕ ಠಾಣೆಗೋ ಅದೇ ಜನರ ಬಳಿ ಹೆಚ್ಚುವರಿ ತೆರಿಗೆ ಕೇಳಬೇಕಾಗಬಹುದು. ಹಾಗಿರುವಾಗ ಸಾರ್ವಜನಿಕ ಸಭೆಯಲ್ಲಿ ವಿಷಯವನ್ನು ಚರ್ಚೆಗೆ ಇಟ್ಟು, “ಕಾಲೇಜಿನ ಸರದಿ ಮೊದಲು ಬರಲಿ, ಈ ಹೊರೆಯನ್ನು ನಮ್ಮ ಜನ ಹೊರುವುದಕ್ಕೆ ನಮ್ಮ ಆಕ್ಷೇಪವಿಲ್ಲ” ಎಂದು ಚುನಾಯಿತ ಸದಸ್ಯರು ಹೆಸರು ಹೇಳಿ ಮತ ಹಾಕುವುದು ಸಣ್ಣ ಮಾತಲ್ಲ. ಅಲ್ಲಿನ ಅಗ್ನಿಶಾಮಕ ಸಿಬ್ಬಂದಿ, ಆಸ್ಪತ್ರೆಯ ದಾದಿಯರು ಬಹುಮಟ್ಟಿಗೆ ಈ ಕಾಲೇಜುಗಳಲ್ಲೇ ತರಬೇತಿ ಪಡೆದವರಾದ್ದರಿಂದ ನಗರಸಭೆಗೆ ಅದರಲ್ಲಿ ಸ್ವಂತ ಹಿತವೂ ಇದೆ. ಆದರೆ ನಿರ್ಣಯದ ಆಚೆಗೆ ಹೋಗಿ, ಸಾರ್ವಜನಿಕ ಹಣದಲ್ಲಿ ‘ಹೌದು ಎಂದು ಮತ ಹಾಕಿ’ ಎಂದು ಪ್ರಚಾರ ಮಾಡುವ ಹಾಗಿಲ್ಲ. ರಾಜ್ಯದ ಸರ್ವೋಚ್ಚ ನ್ಯಾಯಾಲಯ 1976ರಲ್ಲೇ ಈ ಗೆರೆ ಎಳೆದಿದೆ. ಮಾಹಿತಿ ಕೊಡಬಹುದು, ಪ್ರಚಾರ ಮಾಡಬೇಕಾದವರು ತಮ್ಮ ದುಡ್ಡು ಹಾಕಿ ಮಾಡಬೇಕು.

ಪ್ರಶ್ನೆ: ಬಾಂಡ್ ಎಂದರೆ ಬ್ಯಾಂಕ್ ಸಾಲವೇ ಅಲ್ಲವೇ? ಒಂದು ಮನೆಯ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ಲೆಕ್ಕ ಹಾಕಿ ತೋರಿಸುವಿರಾ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಸಾಲವೇ ಹೌದು, ಸಾಲ ಕೊಡುವವರು ಮಾತ್ರ ಬೇರೆ. ಬ್ಯಾಂಕ್ ಸಾಲದಲ್ಲಿ ಒಂದು ಬ್ಯಾಂಕು ಕೊಡುತ್ತದೆ. ಬಾಂಡಿನಲ್ಲಿ ಸಾಲವನ್ನು ಸಾವಿರಾರು ತುಂಡುಗಳಾಗಿ ಮಾಡಿ ಮಾರುಕಟ್ಟೆಯಲ್ಲಿ ಮಾರುತ್ತಾರೆ. ಕೊಂಡವರಿಗೆ ನಿಗದಿತ ಬಡ್ಡಿ, ಅವಧಿ ಮುಗಿದಾಗ ಅಸಲು. ಅಮೆರಿಕದಲ್ಲಿ ಇಂಥ ಸ್ಥಳೀಯ ಸಂಸ್ಥೆಗಳ ಬಾಂಡಿನ ಬಡ್ಡಿಗೆ ಸಾಮಾನ್ಯವಾಗಿ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ಕೊಳ್ಳುವವರು ಕಡಿಮೆ ಬಡ್ಡಿಗೂ ಒಪ್ಪುತ್ತಾರೆ, ಸಾಲ ಅಗ್ಗವಾಗುತ್ತದೆ.

ಹೊರೆಯ ಲೆಕ್ಕ ಹೀಗಿದೆ. ಶೇ 55ರ ಮತದಿಂದ ಗೆಲ್ಲುವ ಬಾಂಡಿಗೆ ಸಮುದಾಯ ಕಾಲೇಜು ಜಿಲ್ಲೆಗಳು ವಿಧಿಸಬಹುದಾದ ಗರಿಷ್ಠ ತೆರಿಗೆ, ಆಸ್ತಿಯ ಪ್ರತಿ 1 ಲಕ್ಷ ಡಾಲರ್ ಮೌಲ್ಯಕ್ಕೆ ವರ್ಷಕ್ಕೆ 25 ಡಾಲರ್; ಮುಂಗಡ ಅಂದಾಜು ಇದನ್ನು ಮೀರಬಾರದು. ತೆರಿಗೆಯ ದಾಖಲೆಯಲ್ಲಿ 6 ಲಕ್ಷ ಡಾಲರ್ ಬೆಲೆಯಿರುವ ಮನೆಗೆ ಇದು ವರ್ಷಕ್ಕೆ 150 ಡಾಲರ್ ಆಗುತ್ತದೆ.

ನಮ್ಮ ರೂಪಾಯಿಯಲ್ಲಿ ಯೋಚಿಸಲು ಅನುಕೂಲವಾಗುವಂತೆ, ಕೇವಲ ಉದಾಹರಣೆಯಾಗಿ, ಒಂದು ಊರು 20 ಕೋಟಿ ರೂಪಾಯಿಯನ್ನು ಶೇ 8ರ ಬಡ್ಡಿಗೆ ಎತ್ತಿ, ವರ್ಷಕ್ಕೊಂದು ಸಮಾನ ಕಂತಿನಂತೆ 20 ವರ್ಷದಲ್ಲಿ ತೀರಿಸುತ್ತದೆ ಎಂದುಕೊಳ್ಳಿ. ವಾರ್ಷಿಕ ಕಂತು ಸುಮಾರು 2 ಕೋಟಿ 4 ಲಕ್ಷ ರೂಪಾಯಿ. ಊರಿನಲ್ಲಿ ತೆರಿಗೆ ಕಟ್ಟುವ 50 ಸಾವಿರ ಆಸ್ತಿಗಳಿದ್ದರೆ ಒಂದಕ್ಕೆ ಸರಾಸರಿ 408 ರೂಪಾಯಿ. ಕೇಳುವುದಕ್ಕೆ ಹಗುರ. ಆದರೆ 20 ವರ್ಷದಲ್ಲಿ ಕಟ್ಟಿದ ಒಟ್ಟು ಮೊತ್ತ ಸುಮಾರು 40 ಕೋಟಿ 74 ಲಕ್ಷ, ಅಂದರೆ ಪಡೆದದ್ದರ ಎರಡು ಪಟ್ಟಿಗೂ ತುಸು ಹೆಚ್ಚು. ಅದೇ ಸಾಲವನ್ನು 10 ವರ್ಷದಲ್ಲಿ ತೀರಿಸಿದರೆ ಕಂತು ಸುಮಾರು 2 ಕೋಟಿ 98 ಲಕ್ಷಕ್ಕೆ ಏರುತ್ತದೆ, ಒಟ್ಟು ಮೊತ್ತ 30 ಕೋಟಿಯೊಳಗೆ ನಿಲ್ಲುತ್ತದೆ. ಕಂತಿನ ಅಂಕಿಯೊಂದನ್ನೇ ತೋರಿಸಿ ಒಪ್ಪಿಗೆ ಕೇಳುವವರಿದ್ದರೆ, ಒಟ್ಟು ಎಷ್ಟು ಕಟ್ಟಬೇಕು ಎಂದು ತಿರುಗಿ ಕೇಳಿ.

ಪ್ರಶ್ನೆ: ಸಾಲ ಮಾಡಿ ಕಟ್ಟಡ ಕಟ್ಟಿ, ತೀರಿಸುವ ಹೊರೆಯನ್ನು ಮಕ್ಕಳ ತಲೆಗೆ ಹಾಕುವುದು ನ್ಯಾಯವೇ? ಅಲ್ಲಿ ಎಲ್ಲವೂ ಸರಿಯಾಗಿಯೇ ನಡೆದಿದೆಯೇ?
– ಓದುಗರು, ಮಲ್ಪೆ

ಉತ್ತರ: ಐವತ್ತು ವರ್ಷ ನಿಲ್ಲುವ ಕಟ್ಟಡದ ವೆಚ್ಚವನ್ನು ಈ ವರ್ಷದ ತೆರಿಗೆದಾರರೇ ಪೂರ್ತಿ ಹೊರಬೇಕು ಎನ್ನುವುದೂ ನ್ಯಾಯವಲ್ಲ. ಪ್ರಯೋಗಾಲಯವನ್ನು ಬಳಸುವ ಮುಂದಿನವರೂ ಅದಕ್ಕೆ ಸ್ವಲ್ಪ ಕೊಡಲಿ ಎಂಬುದು ಬಾಂಡಿನ ಹಿಂದಿರುವ ವಾದ. ಆ ವಾದವನ್ನು ನಾನು ಒಪ್ಪುತ್ತೇನೆ. ಸಾಲದ ಅವಧಿ ಕಟ್ಟಡದ ಆಯುಸ್ಸಿಗಿಂತ ಚಿಕ್ಕದಾಗಿರಬೇಕು, ಅಷ್ಟೇ. ಐದು ವರ್ಷಕ್ಕೆ ಹಳತಾಗುವ ಕಂಪ್ಯೂಟರನ್ನು 25 ವರ್ಷದ ಸಾಲದಲ್ಲಿ ಕೊಂಡರೆ ಅದು ಅನ್ಯಾಯ.

ಎಲ್ಲವೂ ಸರಿಯಾಗಿ ನಡೆದಿಲ್ಲ. ಸ್ಯಾನ್ ಡಿಯಾಗೊ ಬಳಿಯ ಪೊವೇ ಎಂಬಲ್ಲಿನ ಶಾಲಾ ಜಿಲ್ಲೆ – ಇದು ಕಾಲೇಜಲ್ಲ, ಶಾಲೆಗಳದ್ದು – 2011ರಲ್ಲಿ ಸುಮಾರು 10 ಕೋಟಿ 50 ಲಕ್ಷ ಡಾಲರ್ ಸಾಲವನ್ನು, ಮೊದಲ ಸುಮಾರು 20 ವರ್ಷ ಏನನ್ನೂ ಕಟ್ಟಬೇಕಾಗಿಲ್ಲದ ಬಗೆಯ ಬಾಂಡಿನಲ್ಲಿ ಎತ್ತಿತು. ಬಡ್ಡಿ ಅಸಲಿಗೆ ಸೇರುತ್ತಾ ಹೋಗಿ, 2051ರ ಹೊತ್ತಿಗೆ ಊರಿನವರು ತೀರಿಸಬೇಕಾದದ್ದು ಹತ್ತಿರ ಹತ್ತಿರ 100 ಕೋಟಿ ಡಾಲರ್. ಸುದ್ದಿ ಹೊರಬಂದು ಗದ್ದಲವಾದ ಮೇಲೆ, 2013ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿ ಇಂಥ ಬಾಂಡುಗಳ ಅವಧಿಯನ್ನು 25 ವರ್ಷಕ್ಕೂ, ಒಟ್ಟು ಮರುಪಾವತಿಯನ್ನು ಅಸಲಿನ ನಾಲ್ಕು ಪಟ್ಟಿಗೂ ಮಿತಿಗೊಳಿಸಿತು. ಲಾಸ್ ಏಂಜಲೀಸ್ ಸಮುದಾಯ ಕಾಲೇಜು ಜಿಲ್ಲೆಯ ಕಟ್ಟಡ ಕಾಮಗಾರಿಗಳಲ್ಲಿ ನಡೆದ ಅಪವ್ಯಯವನ್ನು ಅಲ್ಲಿನ ಪ್ರಮುಖ ಪತ್ರಿಕೆ 2011ರಲ್ಲಿ ಸರಣಿ ವರದಿಗಳ ಮೂಲಕ ಬಯಲಿಗೆಳೆಯಿತು. ಮೇಲ್ವಿಚಾರಣಾ ಸಮಿತಿ ಇದ್ದೂ ಅಪವ್ಯಯವಾಯಿತು ಎಂಬುದು ಗಮನಾರ್ಹ. ಹಾಗಿದ್ದೂ ಅದೇ ಜಿಲ್ಲೆಯ ಮತದಾರರು 2016ರಲ್ಲಿ 330 ಕೋಟಿ ಡಾಲರಿಗೂ, 2022ರಲ್ಲಿ 530 ಕೋಟಿ ಡಾಲರಿಗೂ ಒಪ್ಪಿಗೆ ಕೊಟ್ಟರು. ಅಲ್ಲಿನ ಜನಕ್ಕೆ ಕಾಲೇಜಿನ ಅಗತ್ಯ ಅಷ್ಟು ಹತ್ತಿರದ್ದು ಎಂದೇ ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಉಪನ್ಯಾಸಕ. ಕೊನೆಯ ವರ್ಷಗಳಲ್ಲಿ ಕೆಲಸ ಮಾಡಿದ ಸರಕಾರಿ ಕಾಲೇಜಿನಲ್ಲಿ ಮಳೆಗಾಲ ಬಂದರೆ ಎರಡು ತರಗತಿಗಳನ್ನು ಒಂದೇ ಕೋಣೆಗೆ ಸೇರಿಸಬೇಕಾಗುತ್ತಿತ್ತು. ಇನ್ನೊಂದು ಕೋಣೆಯ ಮಾಡು ಸೋರುತ್ತಿತ್ತು. ಹೊಸ ಕಟ್ಟಡದ ಪ್ರಸ್ತಾವ ಬೆಂಗಳೂರಿಗೆ ಹೋಗಿ ವರ್ಷಗಳಾಗಿದ್ದವು. ಮಂಗಳೂರು ಮಹಾನಗರ ಪಾಲಿಕೆಯೋ ಉಡುಪಿ ನಗರಸಭೆಯೋ ಬಾಂಡ್ ಎತ್ತಿ ಊರಿನ ಸರಕಾರಿ ಕಾಲೇಜನ್ನು ವಿಸ್ತರಿಸಲು ಕಾನೂನಿನಲ್ಲಿ ಅವಕಾಶವಿದೆಯೇ? ಇಲ್ಲದಿದ್ದರೆ ಯಾಕಿಲ್ಲ?
– ಓದುಗರು, ಸುರತ್ಕಲ್

ಉತ್ತರ: ಸರ್, ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನೇರ ಉತ್ತರ ಹೀಗಿದೆ: ಪಾಲಿಕೆಗಳು ಬಾಂಡ್ ಎತ್ತಬಹುದು, ಆದರೆ ಈಗಿನ ವ್ಯವಸ್ಥೆಯಲ್ಲಿ ಸರಕಾರಿ ಕಾಲೇಜಿಗಾಗಿ ಎತ್ತುವುದು ಆಗದ ಮಾತು. ಇದಕ್ಕೆ ಕಾರಣ ಹಣಕ್ಕಿಂತ ಹೆಚ್ಚಾಗಿ ಒಡೆತನದಲ್ಲಿದೆ.

ಬಾಂಡಿನ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದದ್ದಲ್ಲ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ರಾಜ್ಯ ಸರಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. ದೇಶದಲ್ಲಿ ಪಾಲಿಕೆಗಳ ಬಾಂಡ್ ಶುರುವಾದದ್ದೇ ಅಲ್ಲಿಂದ. ಮರುವರ್ಷ ಅಹಮದಾಬಾದ್ ಪಾಲಿಕೆ ಸರಕಾರದ ಖಾತರಿಯಿಲ್ಲದೆಯೇ 100 ಕೋಟಿ ಎತ್ತಿತು. ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2015ರಲ್ಲಿ ಇದಕ್ಕೆಂದೇ ನಿಯಮಾವಳಿ ರೂಪಿಸಿತು. 2017ರಲ್ಲಿ ಪುಣೆ 200 ಕೋಟಿ ಎತ್ತಿತು; 2023ರಲ್ಲಿ ಇಂದೋರ್ 244 ಕೋಟಿಯನ್ನು ಸಾಮಾನ್ಯ ಹೂಡಿಕೆದಾರರಿಂದಲೂ ಪಡೆಯಿತು. ಅಹಮದಾಬಾದಿನ ಹಣ ನೀರು ಮತ್ತು ಒಳಚರಂಡಿಗೆ, ಪುಣೆಯದ್ದು ದಿನವಿಡೀ ನೀರಿಗೆ, ಇಂದೋರಿನದು ಸೌರ ವಿದ್ಯುತ್ತಿಗೆ. ಇವೆಲ್ಲವೂ ಪಾಲಿಕೆಯ ಸ್ವಂತ ಕೆಲಸಗಳು. ಸರಕಾರಿ ಕಾಲೇಜು ಹಾಗಲ್ಲ. ಅದರ ಜಾಗ ಮತ್ತು ಕಟ್ಟಡ ಸರಕಾರದ್ದು, ಅಧ್ಯಾಪಕರು ಕಾಲೇಜು ಶಿಕ್ಷಣ ಇಲಾಖೆಯವರು, ಕಟ್ಟಡ ಕಟ್ಟುವುದು ಹೆಚ್ಚಾಗಿ ಲೋಕೋಪಯೋಗಿ ಇಲಾಖೆ. ಕಾಲೇಜು ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರು ಅಧ್ಯಕ್ಷರು. ಈ ಸಾಲಿನಲ್ಲಿ ಪಾಲಿಕೆ ಎಲ್ಲಿಯೂ ಇಲ್ಲ. ತನ್ನದಲ್ಲದ ಕಟ್ಟಡಕ್ಕೆ 20 ವರ್ಷ ಸಾಲ ತೀರಿಸುತ್ತೇನೆ ಎಂದರೆ ಲೆಕ್ಕಪರಿಶೋಧಕರು ಮೊದಲು ಆಕ್ಷೇಪಿಸುತ್ತಾರೆ. ಅದಲ್ಲದೆ, ಸ್ಥಳೀಯ ಸಂಸ್ಥೆ ಸಾಲ ಎತ್ತಲು ರಾಜ್ಯ ಸರಕಾರದ ಪೂರ್ವಾನುಮತಿ ಬೇಕು. ಮಾರುಕಟ್ಟೆಗೆ ಹೋಗಲು ಕ್ರೆಡಿಟ್ ರೇಟಿಂಗ್ (ಸಾಲ ತೀರಿಸುವ ಸಾಮರ್ಥ್ಯದ ಶ್ರೇಣಿ) ಬೇಕು, ವರ್ಷ ವರ್ಷ ಪರಿಶೋಧನೆಯಾದ ಲೆಕ್ಕ ಬೇಕು.

ಹಾಗೆಂದು ಇದು ಎಂದೆಂದಿಗೂ ಹೀಗೆಯೇ ಇತ್ತೇ? ಇಲ್ಲ. ನಮ್ಮ ಜಿಲ್ಲೆಯವರಿಗೆ ಇದನ್ನು ನೆನಪಿಸಬೇಕೆಂದೇ ಈ ಉತ್ತರವನ್ನು ಉದ್ದವಾಗಿ ಬರೆಯುತ್ತಿದ್ದೇನೆ. ಉಡುಪಿಯಲ್ಲಿ ‘ಬೋರ್ಡ್ ಹೈಸ್ಕೂಲ್’ ಎಂದು ಈಗಲೂ ಹೇಳುತ್ತೇವೆ. ಕುಂದಾಪುರದಲ್ಲಿಯೂ ಆ ಹೆಸರು ಉಳಿದಿದೆ. ಆ ‘ಬೋರ್ಡ್’ ಎಂದರೆ ಪರೀಕ್ಷಾ ಮಂಡಳಿಯಲ್ಲ, ದಕ್ಷಿಣ ಕನ್ನಡ ಡಿಸ್ಟ್ರಿಕ್ಟ್ ಬೋರ್ಡ್. ಈ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು, ಅಲ್ಲಿನ 1920ರ ಸ್ಥಳೀಯ ಮಂಡಳಿಗಳ ಕಾಯಿದೆಯಡಿ ಜಿಲ್ಲಾ ಮಂಡಳಿಗಳು ಭೂ ಸೆಸ್ಸಿನಂಥ ಸ್ಥಳೀಯ ಆದಾಯವಿಟ್ಟುಕೊಂಡು ರಸ್ತೆ, ಆಸ್ಪತ್ರೆಗಳ ಜೊತೆಗೆ ಹೈಸ್ಕೂಲುಗಳನ್ನೂ ನಡೆಸುತ್ತಿದ್ದವು. ಊರಿನ ತೆರಿಗೆಯಿಂದ ಊರಿನ ವಿದ್ಯೆ ಎಂಬುದು ಅಮೆರಿಕದಿಂದ ತರಬೇಕಾದ ಕಲ್ಪನೆಯಲ್ಲ. ನಮ್ಮ ಅಜ್ಜಂದಿರು ಅದರ ಬೆಂಚಿನ ಮೇಲೆ ಕುಳಿತು ಓದಿದವರು. ರಾಜ್ಯ ಪುನರ್ವಿಂಗಡಣೆಯ ನಂತರ ಆ ಶಾಲೆಗಳು ಸರಕಾರದ ವಶಕ್ಕೆ ಹೋದವು. ಸಂಬಳದ ಭದ್ರತೆ, ಏಕರೂಪದ ನಿಯಮಗಳು ಬಂದವು, ಅದು ಒಳ್ಳೆಯದೇ ಆಯಿತು. ಆದರೆ ಮಾಡು ಸೋರಿದರೆ ಊರಿನ ಮಂಡಳಿಯ ಸದಸ್ಯರನ್ನು ಪೇಟೆಯಲ್ಲಿ ನಿಲ್ಲಿಸಿ ಕೇಳುವ ದಾರಿ ಮುಚ್ಚಿಹೋಯಿತು.

ಕಾನೂನಿನ ಬಾಗಿಲು ಇಂದಿಗೂ ಪೂರ್ತಿ ಮುಚ್ಚಿಲ್ಲ. 74ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳ ಉತ್ತೇಜನ. ಪಂಚಾಯತಿಗಳ 11ನೇ ಅನುಸೂಚಿ ಇನ್ನೂ ಸ್ಪಷ್ಟವಾಗಿದ್ದು, ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣವನ್ನು ಹೆಸರಿಸಿಯೇ ಹೇಳುತ್ತದೆ. ಬೆಂಗಳೂರಿನಲ್ಲಿ ಪಾಲಿಕೆಯೇ ಶಾಲಾ ಕಾಲೇಜುಗಳನ್ನು ನಡೆಸಿಕೊಂಡು ಬಂದಿದೆ. ಮುಂಬಯಿ ಪಾಲಿಕೆ ವೈದ್ಯಕೀಯ ಕಾಲೇಜುಗಳನ್ನೇ ನಡೆಸುತ್ತದೆ. ಇನ್ನೊಂದು ವಿಷಯ ನಮ್ಮ ಪ್ರತಿಯೊಬ್ಬರ ಮನೆ ತೆರಿಗೆಯ ರಶೀದಿಯಲ್ಲೇ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ವಿದ್ಯೆಗಾಗಿ ಆಸ್ತಿಯ ಮೇಲೆ ಕಟ್ಟಿಟ್ಟ ತೆರಿಗೆ ಎಂದರೆ ಇದೇ ಅಲ್ಲವೇ? ಒಂದೇ ವ್ಯತ್ಯಾಸ: ಅದು ಎಲ್ಲಿಗೆ ಹೋಗುತ್ತದೆ, ಏನು ಕೊಂಡಿತು ಎಂದು ನಮ್ಮಲ್ಲಿ ಕೇಳುವವರು ಕಡಿಮೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಕ್ಯಾಲಿಫೋರ್ನಿಯಾದಿಂದ ಮೊದಲು ತರಬೇಕಾದದ್ದು ಬಾಂಡನ್ನಲ್ಲ, ಆ ಕಾಮಗಾರಿ ಪಟ್ಟಿಯನ್ನು ಮತ್ತು ಆ ಏಳು ಮಂದಿಯ ಸಮಿತಿಯನ್ನು. ನಮ್ಮ ನಗರಗಳಿಗೆ ಸಾಲ ಹೊಸದಲ್ಲ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ 1999ರಲ್ಲಿ ಒಪ್ಪಿದ ಸಾಲದಿಂದ ಕರಾವಳಿಯ ಊರುಗಳಲ್ಲಿ ನಡೆದ ನೀರು, ಒಳಚರಂಡಿಯ ಕೆಲಸಗಳನ್ನು ಮಂಗಳೂರು, ಉಡುಪಿಯವರು ‘ಎಡಿಬಿ ಕಾಮಗಾರಿ’ ಎಂದೇ ಗುರುತಿಸುತ್ತಾರೆ. ಆ ಸಾಲಕ್ಕೆ ನಮ್ಮ ಮತವನ್ನು ಯಾರೂ ಕೇಳಲಿಲ್ಲ, ಪಟ್ಟಿಯನ್ನು ಮನೆಗೆ ಕಳುಹಿಸಲಿಲ್ಲ. ಸಾಲಕ್ಕೆ ಮೊದಲು ಲೆಕ್ಕ ತೋರಿಸುವ ಪದ್ಧತಿ ಊರಿನಲ್ಲಿ ಬೇರೂರದೆ ಕಾಲೇಜಿನ ಹೆಸರಿನಲ್ಲಿ ಬಾಂಡ್ ಎತ್ತಿದರೆ, ಕಟ್ಟಡವೂ ಅರ್ಧಕ್ಕೆ ನಿಂತೀತು, ಜನರಿಗೆ ಕಾಲೇಜಿನ ಮೇಲೆಯೇ ಬೇಸರ ಬಂದೀತು.

ಇನ್ನೊಂದು ಮಾತನ್ನೂ ಹೇಳಬೇಕು. ನೀವು ಅಧ್ಯಾಪಕರಾಗಿದ್ದವರು, ಒಪ್ಪುತ್ತೀರಿ ಎಂದು ನಂಬಿದ್ದೇನೆ. ಬಾಂಡಿನ ಹಣದಲ್ಲಿ ಸಂಬಳ ಕೊಡುವಂತಿಲ್ಲ ಎಂದು ಅಲ್ಲಿನ ಕಾನೂನೇ ಹೇಳುತ್ತದೆ, ಅದು ಸರಿಯಾದ ಕಾನೂನು. ಆದರೆ ನಮ್ಮ ಸರಕಾರಿ ಕಾಲೇಜುಗಳ ತರಗತಿಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ; ಅವರ ನೇಮಕ ತಡವಾದ ವರ್ಷ ಹೊಸ ಕೋಣೆಯಲ್ಲಿಯೂ ಪಾಠ ನಡೆಯುವುದಿಲ್ಲ. ಕಟ್ಟಡಕ್ಕೆ ಊರು ಕೈಜೋಡಿಸುವುದಾದರೆ, ಅದೇ ನಿರ್ಣಯದಲ್ಲಿ ಖಾಯಂ ಹುದ್ದೆಗಳನ್ನು ತುಂಬುವ ಮಾತನ್ನು ಸರಕಾರದಿಂದ ಲಿಖಿತವಾಗಿ ಪಡೆಯಬೇಕು.

ಪ್ರಶ್ನೆ: ನಮ್ಮ ಅವಿಭಜಿತ ಜಿಲ್ಲೆಯಲ್ಲಿ ಬ್ಯಾಂಕ್ ಕಟ್ಟಿದವರೇ ಶಾಲಾ ಕಾಲೇಜು ಕಟ್ಟಿದರು. ಈಗಲೂ ದಾನಿಗಳಿದ್ದಾರೆ. ಹಾಗಿರುವಾಗ ತೆರಿಗೆ, ಸಾಲ ಎಂದೆಲ್ಲ ಯಾಕೆ? ಹಳೆ ವಿದ್ಯಾರ್ಥಿಗಳೇ ಪಿಗ್ಮಿಯ ಹಾಗೆ ದಿನಕ್ಕಿಷ್ಟು ಸಂಗ್ರಹಿಸಿ, ಬಡ್ಡಿ ಕೊಟ್ಟು ವಾಪಸು ಮಾಡುವ ‘ಕಾಲೇಜು ಬಾಂಡ್’ ಮಾಡಬಾರದೇ?
– ಓದುಗರು, ಮಣಿಪಾಲ

ಉತ್ತರ: ನೀವು ಹೇಳಿದ ಪರಂಪರೆ ನಿಜವಾದದ್ದು, ಹೆಮ್ಮೆಪಡಬೇಕಾದದ್ದು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ 1906ರಲ್ಲಿ ಕೆನರಾ ಬ್ಯಾಂಕನ್ನೂ ಸ್ಥಾಪಿಸಿದರು. ಉಡುಪಿಯಲ್ಲಿ 1925ರಲ್ಲಿ ಸಿಂಡಿಕೇಟ್ ಬ್ಯಾಂಕನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈಗಳು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಟ್ಟಿದರು. 1949ರಲ್ಲಿ ಎಂಜಿಎಂ ಕಾಲೇಜು, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂದವು. 1928ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿದವರ ಹಣ ಆ ಬ್ಯಾಂಕನ್ನೇ ಬೆಳೆಸಿತು. ಉಡುಪಿಯ ಅಜ್ಜರಕಾಡಿನ ಸರಕಾರಿ ಮಹಿಳಾ ಕಾಲೇಜು, ಮಂಗಳೂರಿನ ರಥಬೀದಿಯ ಸರಕಾರಿ ಕಾಲೇಜು ದಾನಿಗಳ ಹೆಸರನ್ನೇ ಹೊತ್ತಿವೆ.

ಆದರೂ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ದಾನ ಬರುವುದು ದಾನಿಯ ಮನಸ್ಸು ಹರಿದ ಕಡೆಗೆ. ದಾನಿಯಿಲ್ಲದ ಊರಿನ ಕಾಲೇಜು ಕಾಯುತ್ತಲೇ ಇರುತ್ತದೆ. ಇನ್ನೊಂದು, ಹಳೆ ವಿದ್ಯಾರ್ಥಿ ಸಂಘವು ಬಡ್ಡಿಯ ಭರವಸೆ ಕೊಟ್ಟು ಸಾರ್ವಜನಿಕರಿಂದ ಹಣ ಪಡೆಯುವಂತಿಲ್ಲ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯಿದೆಯಡಿ ಅದು ಜೈಲಿಗೆ ದಾರಿಯಾಗುವ ಅಪರಾಧ. ದೇಣಿಗೆ ಸಂಗ್ರಹಿಸಿ, ರಶೀದಿ ಕೊಡಿ. ವಾಪಸು ಕೊಡುವ ಮಾತು ಬೇಡ.

ಪ್ರಶ್ನೆ: ‘ಹೇಫಾ’ ಎಂಬ ಕೇಂದ್ರದ ಸಂಸ್ಥೆ ಕಾಲೇಜುಗಳಿಗೆ ಸಾಲ ಕೊಡುತ್ತದೆ ಎಂದು ಕೇಳಿದ್ದೇನೆ. ಅದರಿಂದ ನಮ್ಮ ಶುಲ್ಕ ಏರುತ್ತದೆಯೇ?
– ವಿದ್ಯಾರ್ಥಿನಿ, ಕೊಣಾಜೆ

ಉತ್ತರ: ಉನ್ನತ ಶಿಕ್ಷಣ ಹಣಕಾಸು ಸಂಸ್ಥೆಯಾದ ಹೇಫಾವನ್ನು ಕೇಂದ್ರ ಸರಕಾರ 2017ರಲ್ಲಿ ಕೆನರಾ ಬ್ಯಾಂಕಿನ ಜೊತೆಗೂಡಿ ಸ್ಥಾಪಿಸಿತು. ಅದು ಮಾರುಕಟ್ಟೆಯಿಂದ ಹಣ ಎತ್ತಿ, ಮುಖ್ಯವಾಗಿ ಕೇಂದ್ರದ ಶಿಕ್ಷಣ ಸಂಸ್ಥೆಗಳಿಗೆ ಕಟ್ಟಡ ಮತ್ತು ಪ್ರಯೋಗಾಲಯಗಳಿಗಾಗಿ ಸಾಲ ಕೊಡುತ್ತದೆ. ಹಳೆಯ ತಾಂತ್ರಿಕ ಸಂಸ್ಥೆಗಳು ಅಸಲನ್ನು ತಮ್ಮ ಸ್ವಂತ ಆದಾಯದಿಂದ ತೀರಿಸಬೇಕೆಂಬ ನಿಯಮವಿದೆ, ಸ್ವಂತ ಆದಾಯದಲ್ಲಿ ಶುಲ್ಕವೂ ಸೇರಿದೆ. ನಿಮ್ಮ ಆತಂಕ ಅಸ್ಥಾನದ್ದಲ್ಲ. ಆಸ್ತಿ ತೆರಿಗೆಯಿಂದ ತೀರುವ ಬಾಂಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ: ಅಲ್ಲಿ ಕಟ್ಟಡದ ಸಾಲವನ್ನು ಊರಿನಲ್ಲಿ ಆಸ್ತಿ ಇರುವವರು ಹೊರುತ್ತಾರೆ, ಇಲ್ಲಿ ಅದರ ಭಾರ ಓದುವವರ ಮೇಲೂ ಬೀಳಬಹುದು. ಆಸ್ತಿಯಿಲ್ಲದ ಮನೆಯ ಮಗುವಿಗೆ ಯಾವುದು ಹಿತ ಎಂದು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಬಾಂಡ್ ಆಗದ ಮಾತು ಎಂದಾದರೆ, ನಮ್ಮ ವಾರ್ಡಿನ ಸರಕಾರಿ ಕಾಲೇಜಿಗಾಗಿ ಪಾಲಿಕೆಯಿಂದ ಈಗ ಏನನ್ನು ಕೇಳಬಹುದು? ನಾವು ಕೆಲವು ಪೋಷಕರು ಸೇರಿ ಮನವಿ ಕೊಡಬೇಕೆಂದಿದ್ದೇವೆ.
– ಪೋಷಕರು, ಬೋಳಾರ, ಮಂಗಳೂರು

ಉತ್ತರ: ಪಾಲಿಕೆಯ ಕೈಯಲ್ಲಿರುವುದನ್ನು ಮಾತ್ರ ಕೇಳಿ, ಆಗ ‘ಅದು ಇಲಾಖೆಯದ್ದು’ ಎಂಬ ಉತ್ತರ ಬರುವುದಿಲ್ಲ. ಕಾಲೇಜಿನವರೆಗಿನ ಫುಟ್‌ಪಾತ್, ದಾರಿದೀಪ, ಕುಡಿಯುವ ನೀರು, ಒಳಚರಂಡಿಯ ಸಂಪರ್ಕ, ಮಳೆನೀರು ಹರಿಯುವ ತೋಡಿನ ದುರಸ್ತಿ – ಇವೆಲ್ಲ ಅದರ ಸ್ವಂತ ಕೆಲಸ. ನಗರ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10ನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಲ್ಯಾಣಕ್ಕೆ, ಶೇ 7.25ನ್ನು ಇತರ ಬಡವರಿಗೆ, ಶೇ 5ನ್ನು ಅಂಗವಿಕಲರಿಗೆ ಮೀಸಲಿಡುತ್ತವೆ. ವಿದ್ಯಾರ್ಥಿಗಳಿಗೆ ಕೊಡುವ ಸಹಾಯಧನ ಈ ನಿಧಿಯಿಂದಲೇ ಬರುತ್ತದೆ. ಕಾಲೇಜಿನ ಅರ್ಹ ಮಕ್ಕಳಲ್ಲಿ ಎಷ್ಟು ಮಂದಿ ಅರ್ಜಿ ಹಾಕಿದ್ದಾರೆ ಎಂದು ಪ್ರಾಂಶುಪಾಲರಲ್ಲಿ ವಿಚಾರಿಸಿ.

ಇದರ ಜೊತೆಗೆ ಬೆಂಬಲ ನಿರ್ಣಯವನ್ನೂ ಕೇಳಿ. ಕಾಲೇಜಿನ ವಿಸ್ತರಣೆ ಊರಿನ ಅಗತ್ಯವೆಂದೂ, ಅದಕ್ಕೆ ಬೇಕಾದ ಕೋಣೆ, ಪ್ರಯೋಗಾಲಯ, ಖಾಯಂ ಹುದ್ದೆ ಇಂತಿಷ್ಟೆಂದೂ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿ ಸರಕಾರಕ್ಕೆ ಕಳುಹಿಸಲು ಹೊಸ ಕಾನೂನು ಬೇಕಾಗಿಲ್ಲ. ಕಾಲೇಜು ಅಭಿವೃದ್ಧಿ ಸಮಿತಿಯ ಖರ್ಚುವೆಚ್ಚ ನೋಡಲು ಗುತ್ತಿಗೆದಾರರೂ ನೌಕರರೂ ಅಲ್ಲದ ಪೋಷಕರು ಮತ್ತು ವಿದ್ಯಾರ್ಥಿಗಳ ಒಂದು ಸಣ್ಣ ತಂಡವನ್ನು ಒಪ್ಪಿಕೊಳ್ಳುವಂತೆ ಶಾಸಕರಲ್ಲಿ ಕೋರಬಹುದು. ಬೇಡ ಎಂದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಸಾಕು.

ಪಾಲಿಕೆಯ ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ನಡೆಯುತ್ತದೆ. ಮನವಿಯನ್ನು ಅಲ್ಲಿಗೇ ಒಯ್ಯಿರಿ. ಮೂರು ಪುಟದ ಬೇಡಿಕೆ ಬೇಡ. ಒಂದು ಪುಟದಲ್ಲಿ ಕಾಮಗಾರಿಯ ಹೆಸರು, ಜಾಗದ ಸರ್ವೆ ನಂಬರ್, ಅಂದಾಜು ವೆಚ್ಚ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.